ಭಾವನ ನಾಲ್ಕು ದಿನ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದವರು ಎದುರು ಮಾತಾಡುವಂತಿಲ್ಲ. ಬಾಯಿ ತುಂಬ ಹತ್ತಿ, ತುಟಿಯ ಮೂಲೆಗೆ ಎಂಜಲು ಎಳೆಯುವ ಕೊಳವೆ, ಅರ್ಧ ಮುಖಕ್ಕೆ ಜೋಮು. ಭಾವ ಈ ಅನುಕೂಲವನ್ನು ವರ್ಷಗಟ್ಟಲೆಯಿಂದ ಧಾರಾಳವಾಗಿ ಬಳಸಿಕೊಂಡು ಬಂದಿದ್ದರು. ಅವರ ಕೈಗೆ ಹಲ್ಲು ಕೊಟ್ಟ ಯಾರನ್ನು ಬೇಕಾದರೂ ಕೇಳಿ, ನಾಲ್ಕು ದಿನದ ಬೆಟ್ಟದ ಕಥೆಯನ್ನು ಎಲ್ಲೂ ತಡವರಿಸದೆ ಒಪ್ಪಿಸುತ್ತಾರೆ.

ಕಥೆ ಇಷ್ಟೇ. ಮದುವೆಗೆ ಮುಂಚೆ ಭಾವ ಮೂವರು ಗೆಳೆಯರ ಜೊತೆ ಅಣೆಕಟ್ಟಿನ ಬುಡದಿಂದ ಹೊರಟು, ಬೆಟ್ಟಸಾಲನ್ನು ಅಡ್ಡ ಹಾಯ್ದು, ಆಚೆ ಬದಿಯ ಪುಟ್ಟ ರೈಲು ನಿಲ್ದಾಣಕ್ಕೆ ಇಳಿದಿದ್ದರು. ದಾರಿಯಿಲ್ಲ, ಬೋರ್ಡಿಲ್ಲ, ಮರಕ್ಕೆ ಬಳಿದ ಬಣ್ಣದ ಗುರುತೂ ಇಲ್ಲ. ನಾಲ್ಕು ಹಗಲು ಬೇಕಾಯಿತು. ಆಮೇಲೆ ಅವರು ಆ ಬೆಟ್ಟದ ಕಡೆ ತಲೆಹಾಕಿಯೂ ಮಲಗಿದವರಲ್ಲ. ಭಾವನ ಹೊಟ್ಟೆ ಬೆಳೆದ ಹಾಗೆ ಕಥೆಯೂ ಬೆಳೆಯಿತು, ಅಷ್ಟೇ.

ಆ ದಿನ ಕುರ್ಚಿಯಲ್ಲಿ ಬಾಯಿ ಕಳೆದುಕೊಂಡು ಮಲಗಿದ್ದವಳು ಅವರ ಹೆಂಡತಿಯ ತಂಗಿ. ಎಲ್ಲರೂ ಅವಳನ್ನು ಗಿಡ್ಡಿ ಅಂತಲೇ ಕರೆಯುತ್ತಿದ್ದರು, ನಲವತ್ತು ದಾಟಿದರೂ. ಗಿಡ್ಡಿಯ ಕೆಲಸ ಲಿಫ್ಟ್ ರಿಪೇರಿ. ಆ ಕೆಲಸದಲ್ಲಿ ಒಂದು ತಮಾಷೆಯಿದೆ. ಲಿಫ್ಟ್ ಕೆಟ್ಟಾಗಲೇ ಕರೆ ಬರುವುದು, ಕೆಟ್ಟ ಲಿಫ್ಟಿನಲ್ಲಿ ಮೇಲೆ ಹೋಗುವ ಹಾಗಿಲ್ಲ, ಮೋಟರ್ ಇರುವುದು ಮಾತ್ರ ಕಟ್ಟಡದ ತುತ್ತತುದಿಯಲ್ಲಿ. ಸ್ಪ್ಯಾನರು, ಗ್ರೀಸ್ ಡಬ್ಬಿ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹತ್ತಿ ಅವಳ ಕಾಲುಗಳು ಎಂಥ ಕಾಲುಗಳಾಗಿದ್ದವೆಂದರೆ, ಅವಳ ಗಂಡ ಜಗಳ ಬಂದಾಗ ಎರಡು ಮಾರು ದೂರ ನಿಂತೇ ಮಾತಾಡುತ್ತಿದ್ದ.

"ಎರಡನೇ ದಿನ ದವಡೆ ಹತ್ತಿದ್ವಿ," ಭಾವ ಡ್ರಿಲ್ಲನ್ನು ಗಾಳಿಯಲ್ಲಿ ಹಿಡಿದು ಹೇಳುತ್ತಿದ್ದರು. "ದವಡೆ ಅನ್ನೋದು ನಾನಿಟ್ಟ ಹೆಸರು. ಒಂದರ ಪಕ್ಕ ಒಂದು ಬಂಡೆ, ಥೇಟ್ ದವಡೆ ಹಲ್ಲು. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ. ಬಾಯಿ ಇನ್ನೂ ಸ್ವಲ್ಪ ತೆಗಿ. ಅದಾದ್ಮೇಲೆ ಭೋರ್ಗರೆಯೋ ನದಿ. ದಾಟಿದ್ವಿ ಅನ್ನು. ಮೂರನೇ ದಿನ ಹಾಗೇ ಕಳೀತು. ಆದ್ರೆ ನಾಲ್ಕನೇ ದಿನ ಇದ್ಯಲ್ಲ, ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಗುಳ್ಳೆ ಎದ್ದಿತ್ತು ನೋಡು..."

ಗುಳ್ಳೆ ಒಡೆಯುವ ಹೊತ್ತಿಗೆ ಹಲ್ಲಿನ ಕೆಲಸವೂ ಮುಗಿಯಿತು. ಭಾವ ಹತ್ತಿ ತೆಗೆದರು. ಗಿಡ್ಡಿ ಬೇಸಿನ್ನಿಗೆ ಉಗಿದು, ಜೋಮು ಹಿಡಿದ ತುಟಿಯಲ್ಲೇ ಹೇಳಿದಳು:

"ಇಚ್ಚಕ್ಕೆ ನಾಕು ದಿನ ಯಾಕೆ ಬಾವ? ಒಂಜಿನ ಚಾಕು."

"ಏನಂದೆ?"

ಗಿಡ್ಡಿ ಕೆನ್ನೆಯನ್ನು ಕೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಒಂದು. ದಿನ. ಸಾಕು."

ಭಾವ ಮುಖದ ಮಾಸ್ಕ್ ಕಿತ್ತುಹೋಗುವ ಹಾಗೆ ನಕ್ಕರು. "ಗಿಡ್ಡಿ, ಅದು ಮೆಟ್ಟಿಲಲ್ಲಮ್ಮ, ಬೆಟ್ಟ!"

ಅಷ್ಟಕ್ಕೆ ಬಿಟ್ಟಿದ್ದರೆ ಮಾತು ಅಲ್ಲೇ ಸಾಯುತ್ತಿತ್ತು. ಆದರೆ ಬಿಡುವ ಜಾಯಮಾನ ಭಾವನದಲ್ಲ. ಹೊರಗೆ ಕಾಯುತ್ತಿದ್ದವರಿಗೆ ಹೇಳಿದರು, ಕುರ್ಚಿಗೆ ಬಂದವರಿಗೆ ಹೇಳಿದರು, ಔಷಧಿ ಅಂಗಡಿಯವನಿಗೂ ಹೇಳಿದರು. ವಾರ ಕಳೆಯುವುದರೊಳಗೆ ಗಿಡ್ಡಿ ಯಾವ ಕಟ್ಟಡಕ್ಕೆ ಹೋದರೂ ಒಂದೇ ಪ್ರಶ್ನೆ. "ಒಂದೇ ದಿನದಲ್ಲಂತೆ? ಯಾವಾಗ?" ಲಿಫ್ಟಿನೊಳಗೆ ಸಿಕ್ಕಿಬಿದ್ದು, ಅವಳು ಬಾಗಿಲು ಬಿಡಿಸುವುದನ್ನೇ ಕಾಯುತ್ತಿದ್ದ ಒಬ್ಬ ವಕೀಲ ಕೂಡ ಸಂದಿಯಿಂದ ಮೂಗು ತೂರಿಸಿ ಅದನ್ನೇ ಕೇಳಿದ. ಅವತ್ತು ಗಿಡ್ಡಿಗೆ ತಲೆ ಕೆಟ್ಟಿತು. "ಮುಂದಿನ ತಿಂಗಳು," ಅಂದುಬಿಟ್ಟಳು.

ಆ ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಬಾಗಿಲಲ್ಲೇ ಬೂಟು ಬಿಚ್ಚಿ, ಅಡುಗೆಮನೆಗೆ ನುಗ್ಗಿ, ಇದ್ದ ಕಾಫಿಯನ್ನೆಲ್ಲ ತನ್ನ ಲೋಟಕ್ಕೇ ಬಗ್ಗಿಸಿಕೊಂಡು ಕೂತಳು.

"ನಾನೂ ಬರ್ತೀನಿ."

"ಎಲ್ಲಿಗೆ?"

"ಬೆಟ್ಟಕ್ಕೆ. ಇನ್ನೆಲ್ಲಿಗೆ? ನಿನ್ನ ಗಂಡನ ಡ್ರೈವಿಂಗ್ ಸ್ಕೂಲಿಗಾ?"

ಅಕ್ಕ ಕ್ಲಿನಿಕ್ಕಿನ ಮುಂದಿನ ಟೇಬಲ್ಲಿನಲ್ಲಿ ಕೂತು, ಬಂದವರನ್ನು ಸರದಿ ಪ್ರಕಾರ ಒಳಗೆ ಬಿಡುವವಳು. ಮನೆಯಲ್ಲಿ ಕೇಳಿದ ಕಥೆಯನ್ನೇ ಅಲ್ಲಿ ಗೋಡೆಯಾಚೆಯಿಂದ ಮತ್ತೆ ಕೇಳುವುದು ಅವಳ ಹಣೆಬರಹ. ಅದರಿಂದ ತಪ್ಪಿಸಿಕೊಳ್ಳಲು ಅವಳು ಬಹಳ ವರ್ಷಗಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದಳು. ಬೆಳಿಗ್ಗೆ ಗಂಡನ ಬಾಯಿ ಎಚ್ಚರವಾಗುವ ಮುಂಚೆ ಮನೆ ಬಿಟ್ಟು ಓಡುವುದು. ಮೊದಮೊದಲು ಬೀದಿ ಕೊನೆಯವರೆಗೆ, ಆಮೇಲೆ ಕಾಲುವೆಯವರೆಗೆ, ಆಮೇಲೆ ಕಾಲುವೆಯ ಉದ್ದಕ್ಕೂ. ಭಾವ ನಿವೃತ್ತಿಯ ಮಾತೆತ್ತಿದ ಮೇಲಂತೂ ಅವಳು ಪಕ್ಕದ ಊರು ಮುಟ್ಟಿ ವಾಪಸ್ಸು ಬರುತ್ತಿದ್ದಳು.

"ನಿಂಗ್ಯಾಕೆ ಈ ಉಸಾಬರಿ?" ಗಿಡ್ಡಿ ಕೇಳಿದಳು.

"ಆ ಜಾಗ ಕಿವಿಯಲ್ಲೇ ನೋಡಿ ನೋಡಿ ಸಾಕಾಗಿದೆ ಕಣೇ. ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ಅದೂ ಅಲ್ದೆ, ನಿಂಗೆ ದಾರಿ ಗೊತ್ತಾ?"

"ಇಲ್ಲ."

"ನಂಗೆ ಬಾಯಿಪಾಠ."

ಅಂದಿನಿಂದ ತಯಾರಿ ಶುರುವಾಯಿತು. ಸಂಜೆ ಗಿಡ್ಡಿ ಅಕ್ಕನನ್ನು ಊರಿನ ಅತಿ ಎತ್ತರದ ಕಟ್ಟಡದ ಮೆಟ್ಟಿಲು ಹತ್ತಿಸಿದಳು, ಬೆಳಿಗ್ಗೆ ಅಕ್ಕ ಗಿಡ್ಡಿಯನ್ನು ಕಾಲುವೆಯುದ್ದ ಓಡಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಶಪಿಸುತ್ತ ಗಟ್ಟಿಯಾದರು. ಫೋನಿನ ಮ್ಯಾಪಿನಲ್ಲಿ ಆ ಬೆಟ್ಟಸಾಲು ಬರೀ ಹಸಿರು ಬಣ್ಣ, ಒಂದು ಗೆರೆಯೂ ಇಲ್ಲ. ಅದರ ಮೇಲೆ ದಿಕ್ಸೂಚಿ ಇಟ್ಟು, ಭಾವನ ಕಥೆಯನ್ನು ನೆನೆಸಿಕೊಂಡು, ಹೀಗೆ ಹತ್ತಿ ಹಾಗೆ ಇಳಿಯುವುದು ಅಂತ ಬೆರಳಲ್ಲಿ ಗೀಚಿದರು. ಭಾವ ತಮ್ಮ ಪಾಲಿನ ಸಹಾಯವಾಗಿ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಟ್ಟರು. ಅದರೊಳಗೆ ಎರಡು ಹೊಸ ಟೂತ್‌ಬ್ರಷ್ ಕೂಡ ಇದ್ದವು. ಪೆಟ್ಟಿಗೆ ಎಷ್ಟು ಭಾರವಿತ್ತೆಂದರೆ ಅದನ್ನು ಹೊತ್ತವರಿಗೆ ಪ್ರಥಮ ಚಿಕಿತ್ಸೆ ಬೇಕಾಗುವುದು ಖಂಡಿತ. ಅಕ್ಕ ಬ್ಯಾಂಡೇಜು ತೆಗೆದುಕೊಂಡು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು.

ಹಗಲು ಉದ್ದವಿರುವ ತಿಂಗಳಲ್ಲಿ, ಮೋಡವಿಲ್ಲದ ಒಂದು ಶುಕ್ರವಾರ ನಾಲ್ವರೂ ಹೊರಟರು. ಗಿಡ್ಡಿಯ ಗಂಡ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಅವನ ಕಾರಿಗೆ ಎರಡೂ ಕಡೆ ಬ್ರೇಕು. ಅವನು ಓಡಿಸುವಾಗ ಪಕ್ಕದಲ್ಲಿದ್ದ ಭಾವ ಹೆದರಿ ಹೆದರಿ ತಮ್ಮ ಕಡೆಯ ಬ್ರೇಕು ಒತ್ತುತ್ತಿದ್ದರು. ಮೇಷ್ಟ್ರಿಗೆ ಅವಮಾನ. "ಭಾವ, ಆ ಕಾಲು ಸೀಟಿನ ಮೇಲೆ ಮಡಚ್ಕೊಳ್ತೀರಾ, ಇಲ್ಲ ಇಳಿದು ನಡೀತೀರಾ?" ಅಂತೂ ಕುಲುಕಾಡುತ್ತ ಅಣೆಕಟ್ಟಿನ ಬಳಿಯ ಲಾಡ್ಜು ಸೇರಿದರು. ಮಾತು ಹೀಗಾಗಿತ್ತು: ಬೆಳಕು ಹರಿಯುತ್ತಲೇ ಹೆಂಗಸರು ಬೆಟ್ಟ ಹತ್ತುವುದು, ಗಂಡಸರು ಬೆಟ್ಟ ಸುತ್ತಿಕೊಂಡು ರಸ್ತೆಯಲ್ಲಿ ಆಚೆ ಕಡೆಯ ರೈಲು ನಿಲ್ದಾಣಕ್ಕೆ ಬಂದು ಕಾಯುವುದು.

"ಮಧ್ಯಾಹ್ನದೊಳಗೆ ತಿರುಗಿ ಬರ್ತೀರಾ," ಭಾವ ಬೆಳಗಿನ ಚಳಿಯಲ್ಲಿ ಶಾಲು ಹೊದ್ದು ನಿಂತು ಹೇಳಿದರು. "ನಾಚ್ಕೊಳ್ಳೋದೇನೂ ಬೇಡ."

ಅಕ್ಕ ಬೂಟಿನ ದಾರ ಎಳೆದು ಕಟ್ಟಿ ಓಡಿದಳು.

ಮೊದಲ ಏರು ಕಾಡಿನೊಳಗೆ. ನೆಲದ ತುಂಬ ಒಣ ಎಲೆ, ಕಾಲಿಟ್ಟಲ್ಲಿ ಜಾರುತ್ತಿತ್ತು. ಗಿಡ್ಡಿ ಮೆಟ್ಟಿಲು ಹತ್ತುವ ಗತಿಯಲ್ಲೇ, ಮೊಣಕಾಲಿನ ಮೇಲೆ ಕೈಯೂರಿ, ಒಂದೇ ಸಮನೆ ಹತ್ತಿದಳು. ಅಕ್ಕ ಹಿಂದಿನಿಂದ ಏದುಸಿರಿನಲ್ಲೇ ಭಾವನ ಕಥೆ ಒಪ್ಪಿಸುತ್ತಿದ್ದಳು.

"'ಮೊದಲ ದಿನ ಕಗ್ಗಾಡು. ಸೂರ್ಯನ ಬೆಳಕೇ ಬೀಳಲ್ಲ. ಮುಂದೆ ಆಳ ಕಾಣದ ಕಂದರ.'"

ಮುಂದೆ ಒಂದು ಚರಂಡಿಯಂಥ ಹಳ್ಳ ಬಂತು. ಗಿಡ್ಡಿ ಒಂದು ಹೆಜ್ಜೆಗೆ ದಾಟಿದಳು. "ಇದೇನಾ ಕಂದರ?"

"ಇದೇ. ನೋಡು, ಅವರ ಲೆಕ್ಕ ನಂಗೆ ಗೊತ್ತು. ಅವರು ಕಂದರ ಅಂದ್ರೆ ಹಳ್ಳ. ಭೋರ್ಗರೆಯೋ ನದಿ ಅಂದ್ರೆ ಕಾಲುಚೀಲ ಒದ್ದೆ. ಸಾವು ಬದುಕಿನ ಪ್ರಶ್ನೆ ಅಂದ್ರೆ ಬಿಸ್ಕತ್ತು ಖಾಲಿ."

ಈ ಲೆಕ್ಕ ಹಿಡಿದು ಅವರು ಬಹಳ ಚೆನ್ನಾಗಿಯೇ ಸಾಗಿದರು. ಕಾಡು ಮುಗಿದು ಹುಲ್ಲಿನ ಬೆಟ್ಟ ತೆರೆದುಕೊಂಡಾಗ ಬಿಸಿಲು ಇನ್ನೂ ಎಳೆಯದಿತ್ತು. ಭಾವ ಮೊದಲ ರಾತ್ರಿ ಡೇರೆ ಹಾಕಿದ್ದ ಜಾಗದಲ್ಲಿ ಕೂತು ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ತಿಂದರು. "ಒಂದು ದಿನ ಮುಗೀತು," ಅಂತ ಗಿಡ್ಡಿ ಉಬ್ಬಿದಳು.

ಉಬ್ಬಿದ್ದು ಅತಿಯಾಯಿತು. ಮುಂದಿನ ಗುರುತು ಬುದ್ಧಿಹಲ್ಲು ಎಂಬ ಬಂಡೆ. ಅದರ ಎಡಕ್ಕೆ ತಿರುಗಿದರೆ ದವಡೆ. ಬಂಡೆ ಸಿಕ್ಕಿತು, ತಿರುಗಿದರು, ಓಡಿದರು, ಎದೆಮಟ್ಟದ ಮುಳ್ಳಿನೊಳಗೆ ಹೋಗಿ ಸಿಕ್ಕಿಕೊಂಡರು. ಮುಳ್ಳು ಅಂಗಿ ಹಿಡಿಯಿತು, ಜಡೆ ಹಿಡಿಯಿತು, ಹೇಳಬಾರದ ಜಾಗಗಳನ್ನೂ ಹಿಡಿಯಿತು. ಬಿಡಿಸಿಕೊಂಡು ಹಿಂದೆ ಬಂದು ನೋಡಿದರೆ ಅಂಥದೇ ಇನ್ನೊಂದು ಬಂಡೆ, ಅದರಾಚೆ ಮತ್ತೊಂದು.

"ಯಾವುದಕ್ಕಾ ಬುದ್ಧಿಹಲ್ಲು?"

"ನಂಗೇನು ಗೊತ್ತು! ಹಲ್ಲಿನ ಡಾಕ್ಟರಿಗೆ ಎಲ್ಲಾ ಕಲ್ಲೂ ಹಲ್ಲೇ!" ಅಕ್ಕನ ಕೈ ಗೀರಿ ರಕ್ತ ಬರುತ್ತಿತ್ತು. "ಟೈಲರ್‌ನ ಮದುವೆ ಆಗಿದ್ರೆ ಸೂಜಿ ಅಂತಾದ್ರೂ ಹೇಳ್ತಿದ್ದ."

ಅಷ್ಟು ಹೊತ್ತಿನಲ್ಲಿ ಗಳಿಸಿದ್ದನ್ನೆಲ್ಲ ಆ ಮುಳ್ಳಿನಲ್ಲಿ ಕಳೆದುಕೊಂಡರು. ಕೊನೆಗೆ ಕಥೆಯನ್ನು ಬದಿಗಿಟ್ಟು, ದಿಕ್ಸೂಚಿ ನೋಡಿಕೊಂಡು, ಬೆಟ್ಟದ ಬೆನ್ನಿನ ಎತ್ತರದ ಏಣು ಹಿಡಿದರು. ಅದೇ ದವಡೆ ಎಂದು ಅದನ್ನು ಹತ್ತಿದ ಮೇಲೆ ತಿಳಿಯಿತು. ಏಕೆಂದರೆ ಅಲ್ಲಿ ಭಾವ ಹೇಳಿದ್ದು ನಿಜವಾಗಿತ್ತು. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ. ಮೊಣಕಾಲುದ್ದದ್ದಲ್ಲ, ಅಸಲಿ ಪ್ರಪಾತ. ಕೆಳಗೆ ಹದ್ದಿನ ಬೆನ್ನು ಕಾಣುತ್ತಿತ್ತು.

ಅಕ್ಕ ಕೈಕಾಲೂರಿ ಬಗ್ಗಿದಳು. "ಒಂದು ಮಾತು ನಿಜ ಹೇಳೋದಿದ್ರೆ ಇಲ್ಲೇ ಹೇಳ್ಬೇಕಿತ್ತಾ ಈ ಮನುಷ್ಯ?"

ಲಿಫ್ಟಿನ ಬಾವಿಯೊಳಗೆ ನೇತಾಡಿ ಅಭ್ಯಾಸವಿದ್ದ ಗಿಡ್ಡಿ ಮುಂದೆ ಹೋಗಿ, ಹಿಂದೆ ಬಂದು, ಅಕ್ಕನ ಚೀಲವನ್ನೂ ತಾನೇ ಹೊತ್ತಳು. ಬಂಡೆಯಿಂದ ಬಂಡೆಗೆ ಅಕ್ಕ ಕೂಸಿನ ಹಾಗೆ ಅಂಬೆಗಾಲಿಟ್ಟಳು, ಕಣ್ಣು ಮಾತ್ರ ತಂಗಿಯ ಬೂಟಿನ ಹಿಮ್ಮಡಿ ಬಿಟ್ಟು ಬೇರೆಲ್ಲೂ ಹೊರಳಲಿಲ್ಲ. ಆಚೆ ತುದಿ ಮುಟ್ಟಿದಾಗ ಅವಳಿಗೆ ಎಲ್ಲಿಲ್ಲದ ಧೈರ್ಯ ಬಂದು, "ಅಷ್ಟೇನಿಲ್ಲ ಬಿಡು," ಅಂದಳು.

ಭೋರ್ಗರೆಯುವ ನದಿಯಲ್ಲಿ ಕಾಲುಚೀಲ ಒದ್ದೆಯಾಯಿತು. ಬಾಟಲಿ ತುಂಬಿಸಿಕೊಂಡು, ಖರ್ಜೂರ ಬಾಯಿಗೆ ಹಾಕಿಕೊಂಡು ಗಿಡ್ಡಿ ಕೇಳಿದಳು, "ಮುಂದೆ?"

ಅಕ್ಕ ತಲೆ ಕೆರೆದುಕೊಂಡಳು. "'ಮೂರನೇ ದಿನ ಹಾಗೇ ಕಳೀತು.'"

"ಅಂದ್ರೆ?"

"ಅಷ್ಟೇ ಕಣೇ. ಅಲ್ಲಿಂದ ಸೀದಾ ನಾಲ್ಕನೇ ದಿನದ ಗುಳ್ಳೆಗೆ ಹೋಗ್ತಾರೆ."

ಮುಂದೆ ಇದ್ದದ್ದು ಬಂಡೆಗಳ ಸಮುದ್ರ. ಯಾವುದೋ ಕಾಲದಲ್ಲಿ ಒಂದು ಬೆಟ್ಟವೇ ಒಡೆದು ಬಿದ್ದ ಹಾಗೆ, ಕಾರಿನಷ್ಟು, ಮನೆಯಷ್ಟು ದೊಡ್ಡ ಕಲ್ಲುಗಳು ಕಣ್ಣಿಗೆ ಕಾಣುವವರೆಗೆ. ಅವುಗಳ ಮಧ್ಯೆ ಕತ್ತಲೆಯ ಸಂದುಗಳು. ಓಡುವ ಮಾತಿರಲಿ, ನಡೆಯುವುದೂ ಆಗುತ್ತಿರಲಿಲ್ಲ. ಹತ್ತುವುದು, ಕುಂಡಿ ಊರುವುದು, ಜಾರುವುದು, ಮತ್ತೆ ಹತ್ತುವುದು. ಎಷ್ಟು ಹೊತ್ತಾದರೂ ಹಿಂದೆ ತಿರುಗಿ ನೋಡಿದರೆ ಕಾಲುಚೀಲ ಒದ್ದೆ ಮಾಡಿದ ಆ ತೊರೆ ಅಲ್ಲೇ ಇತ್ತು. ಸಾಲದೆಂಬಂತೆ ಮಂಜು ಬಂತು. ತಣ್ಣಗೆ, ಸದ್ದಿಲ್ಲದೆ ಬಂದು ಮೊದಲು ದೂರವನ್ನು ನುಂಗಿತು, ಆಮೇಲೆ ಹತ್ತಿರವನ್ನೂ.

ಗಿಡ್ಡಿಯ ಕಾಲು ಒಂದು ಸಂದಿಗೆ ಹೋಗಿ ಮೊಣಕಾಲಿನವರೆಗೆ ಸಿಕ್ಕಿಕೊಂಡಿತು. ಅಕ್ಕ ಬಂದು, ಬೂಟು ಬಿಚ್ಚಿ, ಕಾಲನ್ನು ತಿರುಗಿಸಿ ತಿರುಗಿಸಿ ಹೊರಗೆ ತೆಗೆದಳು. ಮೂಳೆ ಮುರಿದಿರಲಿಲ್ಲ, ಚರ್ಮ ಮಾತ್ರ ಆಲೂಗಡ್ಡೆ ಸಿಪ್ಪೆಯ ಹಾಗೆ ಸುಲಿದಿತ್ತು.

"ವಾಪಸ್ ಹೋಗೋಣ," ಅಕ್ಕ ಹೇಳಿದಳು.

"ಆ ದವಡೆ ಮೇಲೆ ಮತ್ತೆ ಅಂಬೆಗಾಲಿಡ್ತೀಯಾ?"

"ಹಾಗಾದ್ರೆ ಇಲ್ಲೇ ಕೂತ್ಕೋತೀನಿ." ಅಕ್ಕ ನಿಜಕ್ಕೂ ಕೂತುಬಿಟ್ಟಳು. "ಇದೆಲ್ಲ ನಿನ್ನಿಂದ. ಸುಮ್ನೆ ಬಾಯಿ ತೊಳ್ಕೊಂಡು ಎದ್ದು ಬರೋದು ಬಿಟ್ಟು ಒಂದು ದಿನ ಸಾಕು ಅಂದೆಯಲ್ಲ. ಚಿಕ್ಕಂದಿನಿಂದ ಇದೇ. ನಿನ್ನ ನಾಲಿಗೆ ಜಾರುತ್ತೆ, ಹಿಂದಿಂದೆ ಬಳ್ಕೊಂಡು ಬರೋಳು ನಾನು."

"ಬಾ ಅಂತ ನಾನು ಕರೆದ್ನಾ? ಕಾಫಿ ಕುಡಿಯೋಕೆ ಬಂದೋಳು ನೀನು!"

"ನಿನ್ನ ಮದುವೆ ದಿನಾನೂ ಇದೇ ಮಾಡ್ದೆ."

"ಮದುವೆ ಸುದ್ದಿ ಎತ್ಬೇಡ ಅಕ್ಕಾ!"

ಮಂಜಿನ ನಡುವೆ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದೆ, ಇಪ್ಪತ್ತು ವರ್ಷದ ಹಳೆಯ ಜಗಳವನ್ನೆಲ್ಲ ಅವರು ಅಲ್ಲಿ ಚೊಕ್ಕ ಮಾಡಿಕೊಂಡರು. ಅಮ್ಮನ ಹೊಲಿಗೆ ಮಿಷನ್ ಯಾರಿಗೆ ಹೋಯಿತು, ಯಾರ ಮಗುವಿನ ಹುಟ್ಟುಹಬ್ಬಕ್ಕೆ ಯಾರು ಬರಲಿಲ್ಲ, ಎಲ್ಲ. ಕೊನೆಗೆ ಬೈಯಲು ಒಬ್ಬರಲ್ಲೂ ಏನೂ ಉಳಿಯಲಿಲ್ಲ. ಗಿಡ್ಡಿ ಮೂಗು ಒರೆಸಿಕೊಂಡು ಕೊನೆಯ ಚಾಕಲೇಟನ್ನು ಎರಡು ತುಂಡು ಮಾಡಿದಳು. ಅಕ್ಕ ದೊಡ್ಡ ತುಂಡು ತೆಗೆದುಕೊಂಡಳು. ಗಿಡ್ಡಿ ಅದಕ್ಕೂ ಜಗಳವಾಡಬೇಕೆಂದುಕೊಂಡಳು, ಆಮೇಲೆ ಬಿಟ್ಟಳು.

ಆಗ ಗಾಳಿ ಬೀಸಿತು. ಮಂಜು ಪರದೆ ಎಳೆದ ಹಾಗೆ ಒಂದು ಕಡೆಯಿಂದ ಸರಿಯಿತು. ಅಕ್ಕ ಕೂತ ಬಂಡೆಯಿಂದ ನಾಲ್ಕು ಹೆಜ್ಜೆಗೆ ನೆಲ ಮುಗಿದಿತ್ತು. ಜಗಳಕ್ಕೆ ಕೂರದೆ ಮುಂದೆ ಹೋಗಿದ್ದರೆ ಸೀದಾ ಕೆಳಗೆ.

ಕೆಳಗೆ ಬಟ್ಟಲಿನಂಥ ಕಣಿವೆ, ಸುತ್ತ ಕಪ್ಪು ಗೋಡೆಯ ಬಂಡೆಗಳು, ತಳದಲ್ಲಿ ಒಂದು ಸರೋವರ. ಇಬ್ಬರೂ ಬದಿಯ ಒಂದು ಇಳಿಜಾರು ಹುಡುಕಿಕೊಂಡು, ಹುಲ್ಲು ಹಿಡಿದು, ಒಂದೊಂದೇ ಹೆಜ್ಜೆ ಇಳಿದರು. ದಡಕ್ಕೆ ಬಂದು ನಿಂತರೆ ನೀರಿನಲ್ಲಿ ಒಂದು ಗೆರೆಯಷ್ಟೂ ಅಲುಗಾಟವಿರಲಿಲ್ಲ. ಆಕಾಶ ಮೇಲೊಂದು ಕೆಳಗೊಂದು. ಗಿಡ್ಡಿಗೆ ತನ್ನ ಉಸಿರಿನ ಸದ್ದೇ ಜಾಸ್ತಿಯೆನಿಸಿ ಬಾಯಿ ಮುಚ್ಚಿಕೊಂಡಳು. ಅವಳ ಮಟ್ಟಿಗೆ ಅದು ದೊಡ್ಡ ವಿಷಯ. ಸುಲಿದ ಕಾಲನ್ನು ಮೆಲ್ಲಗೆ ನೀರಿಗಿಟ್ಟಳು, ಉರಿ ತಣ್ಣಗಾಯಿತು. ತಾನು ಯಾರ ಮುಂದೆ ಏನು ಸಾಬೀತು ಮಾಡಲು ಹೊರಟಿದ್ದೆ ಎಂಬುದೇ ಸ್ವಲ್ಪ ಹೊತ್ತು ಅವಳಿಗೆ ಮರೆತುಹೋಯಿತು.

ಅಕ್ಕನ ಮುಖ ಮಾತ್ರ ಕೆಂಪಗಾಗುತ್ತಿತ್ತು. "ಒಂದು ಗುಳ್ಳೆ ಬಗ್ಗೆ ಅರ್ಧ ಗಂಟೆ ಕೊರೀತಾರೆ. ಇದ್ರ ಬಗ್ಗೆ ಒಂದೇ ಒಂದು ಮಾತಿಲ್ಲ. ಯಾಕೆ ಗೊತ್ತಾ? ಇಲ್ಲಿಗೆ ಬಂದೇ ಇಲ್ಲ! ಎರಡನೇ ದಿನ ಎಲ್ಲೋ ಇಳಿದು, ಬಸ್ಸು ಹತ್ತಿ ಹೋಗಿದ್ದಾರೆ. ಇಷ್ಟು ವರ್ಷ ನನ್ನ ಕಿವಿ ತಿಂದಿದ್ದು ಅರ್ಧ ಸುಳ್ಳು!" ಎದ್ದು ನಿಂತು, ಎದುರು ಗೋಡೆಗೆ ಮುಖ ಮಾಡಿ, ಹೊಟ್ಟೆಯಾಳದಿಂದ ಕೂಗಿದಳು. "ಸುಳ್ಳುಬುರುಕಾ!"

ಏನೂ ಆಗಲಿಲ್ಲ. ಅವರು ಚೀಲ ಹೆಗಲಿಗೇರಿಸಿ ಹೊರಡುವಷ್ಟರಲ್ಲಿ, ಕೂಗಿದ್ದು ಮರೆತೇಹೋಗುವಷ್ಟು ತಡವಾಗಿ, ಆಚೆಯ ಬಂಡೆ ಬಹಳ ಸ್ಪಷ್ಟವಾಗಿ, ಭಾವನಷ್ಟೇ ನಿಧಾನವಾಗಿ ಹೇಳಿತು: "ಸುಳ್ಳು... ಬುರುಕಾ..."

ಇಬ್ಬರಿಗೂ ನಗು ಬಂತು. ನಿಲ್ಲಿಸಲಾಗದ ನಗು. ನಗುನಗುತ್ತಲೇ ಸರೋವರದ ದಡ ಸುತ್ತಿ ಓಡಿದರು. ಆ ನಗುವೂ ಸ್ವಲ್ಪ ಹೊತ್ತಿನ ಮೇಲೆ ಬೆನ್ನಿಗೆ ಬಂದು ತಗುಲಿತು.

ಬಿಸಿಲು ವಾಲಿತ್ತು. ಇನ್ನು ಉಳಿದದ್ದು ಇಳಿಜಾರು. ಭಾವನ ಗುಳ್ಳೆಯ ಪ್ರದೇಶ. ಕಾಡು ಮತ್ತೆ ಶುರುವಾಯಿತು, ನೆಲ ಕೆಸರು. ಗಿಡ್ಡಿ ಒಮ್ಮೆ ಜಾರಿ ಬಿದ್ದು, ಕೂತ ಭಂಗಿಯಲ್ಲೇ ಬಹಳ ದೂರ ಹೋದಳು. ನಿಂತಾಗ ಅವಳಿಗೆ ಜ್ಞಾನೋದಯವಾಯಿತು. "ಅಕ್ಕಾ, ಇದು ಓಡೋದಕ್ಕಿಂತ ಜೋರು!" ಆಮೇಲೆ ಇಬ್ಬರೂ ಕಾಲಿನ ಬದಲು ಅದನ್ನೇ ನಂಬಿದರು. ಮರದ ಬೇರು ಬಂದಲ್ಲಿ ಎದ್ದು ಓಡುವುದು, ಕೆಸರು ಬಂದಲ್ಲಿ ಕೂರುವುದು. ಕಾಡಿನ ಅಂಚಿಗೆ ಬಂದಾಗ ಅಕ್ಕನ ಪ್ಯಾಂಟಿನ ಹಿಂಭಾಗ ಉಳಿದಿರಲಿಲ್ಲ. ಅವಳು ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಗಂಭೀರವಾಗಿ, ಏನೂ ಆಗಿಲ್ಲವೆಂಬಂತೆ ಹೊಲದ ಬದುವಿನ ಮೇಲೆ ಓಡಿದಳು.

ರೈಲು ನಿಲ್ದಾಣ ತಲುಪಿದಾಗ ಸೂರ್ಯ ಮುಳುಗಿದ್ದ, ಬೆಳಕು ಇನ್ನೂ ಇತ್ತು. ಒಂದೇ ಪ್ಲಾಟ್‌ಫಾರ್ಮು, ಒಂದು ಬೆಂಚು, ಒಂದು ಟಿಕೆಟ್ ಕಿಟಕಿ. ಚಪ್ಪಾಳೆಯಿಲ್ಲ, ಕಾರಿಲ್ಲ, ಗಂಡಂದಿರಿಲ್ಲ. ಟಿಕೆಟ್ ಕೊಡುವಾಕೆ ಕಿಟಕಿಯಿಂದ ಬಗ್ಗಿ ನೋಡಿ, ಇಬ್ಬರ ಅವತಾರಕ್ಕೆ ಬೆಚ್ಚಿಬಿದ್ದಳು.

"ಎಲ್ಲಿಂದ ಬಂದ್ರಿ?"

"ಅಣೆಕಟ್ಟಿನಿಂದ," ಗಿಡ್ಡಿ ಹೇಳಿದಳು.

"ಆ ಕಡೆಯಿಂದ ಇವತ್ತು ಬಸ್ಸಿಲ್ವಲ್ಲ?"

"ಬೆಟ್ಟದ ಮೇಲಿಂದ. ಬೆಳಿಗ್ಗೆ ಹೊರಟ್ವಿ."

ಆಕೆ ತೀರಾ ಮೃದುವಾದ ದನಿಯಲ್ಲಿ, "ಬಾತ್‌ರೂಮಿನ ಕೀಲಿ ಕೊಡ್ಲಾ? ಮುಖ ತೊಳ್ಕೊಳಿ. ಮನೆಯವರ ನಂಬರ್ ಜ್ಞಾಪಕ ಇದ್ಯಾ?" ಅಂದಳು.

ಅಕ್ಕನ ಫೋನಿಗೆ ಅಲ್ಲಿ ಸಿಗ್ನಲ್ ಸಿಕ್ಕಿತು. ಭಾವ ಮೊದಲ ರಿಂಗಿಗೇ ಎತ್ತಿದರು. ಪಕ್ಕದಲ್ಲಿ ಮೇಷ್ಟ್ರು "ಸಿಕ್ಕಿದ್ರಾ? ಸಿಕ್ಕಿದ್ರಾ?" ಅನ್ನುವುದು ಕೇಳುತ್ತಿತ್ತು.

"ಎಲ್ಲಿದ್ದೀರಿ?" ಅಕ್ಕ ಕೇಳಿದಳು.

"ಎಲ್ಲಿ ಅಂದ್ರೆ? ಅಣೆಕಟ್ಟಿನ ಹತ್ರ! ಬೆಳಿಗ್ಗೆಯಿಂದ ಫ್ಲಾಸ್ಕಿನಲ್ಲಿ ಬಿಸಿ ಸೂಪು ಇಟ್ಕೊಂಡು ಕಾಯ್ತಾ ಇದ್ದೀವಿ. ಮಧ್ಯಾಹ್ನ ಬರ್ತೀರಾ ಅಂದ್ಕೊಂಡ್ರೆ ಸಂಜೆ ಆಯ್ತು. ನಿನ್ನ ತಂಗಿ ಗಂಡ ಅಳೋದೊಂದು ಬಾಕಿ. ಈಗ ಪೊಲೀಸಿಗೆ ಹೇಳೋಕೆ ಹೊರಟಿದ್ವಿ. ಎಲ್ಲಿದ್ದೀರಾ, ಮರದ ಕೆಳಗಾ? ಅಲ್ಲೇ ಇರಿ, ಅಲ್ಲಾಡ್ಬೇಡಿ!"

"ನಾವು ರೈಲು ನಿಲ್ದಾಣದಲ್ಲಿದ್ದೀವಿ ರೀ," ಅಕ್ಕ ಹೇಳಿದಳು. "ಸೂಪು ನೀವೇ ಕುಡೀರಿ."

ಆ ಕಡೆಯಿಂದ ಬಹಳ ಹೊತ್ತು ಸದ್ದೇ ಬರಲಿಲ್ಲ. ಮದುವೆಯಾದ ಮೇಲೆ ಅಕ್ಕ ಅಂಥದೊಂದು ಮೌನವನ್ನು ಕೇಳಿರಲಿಲ್ಲ. ಅದನ್ನು ಪೂರ್ತಿ ಅನುಭವಿಸಿ ಆಮೇಲೆ ಫೋನ್ ಇಟ್ಟಳು. ಸಂಜೆಯ ರೈಲು ಬಂತು. ಇಬ್ಬರೂ ಹತ್ತಿ ಒಬ್ಬರ ಮೇಲೊಬ್ಬರು ಒರಗಿ, ಊರು ಬರುವವರೆಗೆ ಬಾಯಿ ಬಿಟ್ಟು ನಿದ್ದೆ ಹೊಡೆದರು.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಹಿಂದಿನ ವರಾಂಡದಲ್ಲಿ ಎರಡು ಪ್ಲಾಸ್ಟಿಕ್ ಟಬ್ಬು. ಅಕ್ಕ ಒಂದರಲ್ಲಿ ಕಾಲಿಟ್ಟು ಕುರ್ಚಿಯಲ್ಲಿ ಕೂತಿದ್ದಳು. ಗಿಡ್ಡಿಗೆ ನೋವು ಕಾಲಿಗಷ್ಟೇ ಇರಲಿಲ್ಲ, ಆದ್ದರಿಂದ ಅವಳು ಬಟ್ಟೆ ಸಮೇತ ಇನ್ನೊಂದು ಟಬ್ಬಿನೊಳಗೇ ಕೂತಿದ್ದಳು. ಮೇಷ್ಟ್ರು ಬಿಸಿನೀರು ತಂದು ತಂದು ಸುರಿಯುತ್ತಿದ್ದ. ಭಾವ ಪೇಪರ್ ಹಿಡಿದು ಬಂದು, ಓದುವ ನಾಟಕ ಮಾಡಿ, ಮಡಚಿಟ್ಟರು.

"ಅಂತೂ ದವಡೆ ದಾಟಿದ್ರಿ."

"ದಾಟಿದ್ವಿ," ಅಕ್ಕ ಹೇಳಿದಳು. "ಅದಾದ್ಮೇಲೆ ಏನಿತ್ತು ಹೇಳಿ ನೋಡೋಣ. ಮೂರನೇ ದಿನ."

ಭಾವ ಪೇಪರನ್ನು ಎತ್ತಿಕೊಂಡು ಇನ್ನೊಂದು ಮಡಿಕೆ ಮಡಚಿದರು. ಅಕ್ಕ ಗಿಡ್ಡಿಯ ಕಡೆ ನೋಡಿ ಹುಬ್ಬು ಹಾರಿಸಿದಳು, ನೋಡಿದ್ಯಾ ಅನ್ನುವ ಹಾಗೆ. ಭಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು.

"ಅಲ್ಲಿ ಕೂಗಿದ್ರಾ?" ಅಂತ ಕೇಳಿದರು.

ಅಕ್ಕನ ಹುಬ್ಬು ಕೆಳಗಿಳಿಯಿತು. "ಎಲ್ಲಿ?"

"ನೀರಿನ ಹತ್ರ. ಕೂಗಿದ್ರೆ ತಡವಾಗಿ ಬರುತ್ತಲ್ಲ. ನಾನು ಬಂದಿದ್ದೇ ಮಾತು ಶುರು ಮಾಡಿದ್ದೆ, ನಿಂಗೊತ್ತಲ್ಲ, ನಂಗೆ ಸುಮ್ನಿರಕ್ಕಾಗಲ್ಲ. ಸ್ವಲ್ಪ ಹೊತ್ತಾದ್ಮೇಲೆ ನಾನು ಹೇಳಿದ್ದೆಲ್ಲ ಒಂದೊಂದಾಗಿ ವಾಪಸ್ ಬಂತು. ಛೆ, ಇಷ್ಟು ಮಾತಾಡ್ತೀನಾ ಅನ್ನಿಸ್ತು." ಭಾವ ನೆಲ ನೋಡುತ್ತ ನಕ್ಕರು. "ಆಮೇಲೆ ನಾಲ್ವರೂ ಇಡೀ ದಿನ ದಡದಲ್ಲಿ ಕೂತಿದ್ವಿ. ನಡೀಲೇ ಇಲ್ಲ. ಯಾರೂ ಬಾಯಿ ಬಿಡ್ಲಿಲ್ಲ. ಊರಿಗೆ ಬಂದು ಒಂದೆರಡು ಸಲ ಹೇಳೋಕೆ ನೋಡಿದೆ. ಹೇಳ್ತಾ ಹೇಳ್ತಾ ದವಡೆ, ಬುದ್ಧಿಹಲ್ಲಿನ ಥರ ಅದೂ ಒಂದು ಹಲ್ಲಾಗಿಬಿಡ್ತಿತ್ತು. ಅದಕ್ಕೇ ಬಿಟ್ಟುಬಿಟ್ಟೆ."

ಅಕ್ಕ ಟಬ್ಬಿನ ನೀರಿನಲ್ಲಿ ಕಾಲು ಆಡಿಸುವುದನ್ನು ನಿಲ್ಲಿಸಿದಳು. ಗಂಡನ ಮುಖವನ್ನೇ, ಮೊದಲ ಸಲ ಕಂಡವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಗಿಡ್ಡಿಗೂ ಒಂದು ಥರ ಆಯಿತು. ಆದರೆ ಅವಳ 'ಥರ' ಬಹಳ ಹೊತ್ತು ನಿಲ್ಲುವಂಥದಲ್ಲ.

"ತಡೀರಿ ಭಾವ," ಅಂದಳು. "ಒಂದಿಡೀ ದಿನ ಕೂತೇ ಇದ್ರಿ ಅಂದ್ರೆ, ಅದು ಮೂರೇ ದಿನದ ದಾರಿ!"

ಮೇಷ್ಟ್ರು ಬಿಸಿನೀರಿನ ಪಾತ್ರೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಭಾವ ಬೆರಳು ಮಡಚಿ ದಿನ ಎಣಿಸಿ ನೋಡಿದರು.

"ಏನಂತ ಕೂಗಿದ್ರಿ ನೀವು?" ಕೊನೆಗೆ ಅವರು ಹೆಂಡತಿಯನ್ನು ಕೇಳಿದರು.

"ನಿಮ್ಮನ್ನೇ ಕರೆದೆ," ಅಕ್ಕ ಹೇಳಿದಳು. ಗಿಡ್ಡಿ ಟಬ್ಬಿನಲ್ಲಿ ಮುಖ ಮುಳುಗಿಸಿದಳು. ಅಕ್ಕ ಮುಂದುವರಿಸಿದಳು, "ನಾನು ಇನ್ನೊಂದ್ಸಲ ಹೋಗ್ತೀನಿ. ಓಡೋಕಲ್ಲ. ಅಲ್ಲಿ ಕೂರೋಕೆ. ನೀವೂ ಬನ್ನಿ, ಹೊಟ್ಟೆ ಸ್ವಲ್ಪ ಕರಗಿಸ್ಕೊಂಡು. ಎಷ್ಟು ದಿನ ಬೇಕಾದ್ರೂ ಆಗ್ಲಿ."

ಭಾವ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಆಮೇಲೆ, ಒಂದೇ ಒಂದು ಮಾತೂ ಆಡದೆ, ಆಗಲಿ ಎಂಬಂತೆ ತಲೆಯಾಡಿಸಿದರು.

"ನೀನು?" ಅಕ್ಕ ತಂಗಿಯನ್ನು ಕೇಳಿದಳು. "ಬರ್ತೀಯಾ?"

"ಅದೆಲ್ಲ ಆಮೇಲೆ," ಗಿಡ್ಡಿ ಎರಡೂ ಕೈ ಮೇಲೆ ಚಾಚಿದಳು. "ಮೊದಲು ಯಾರಾದ್ರೂ ನನ್ನ ಈ ಟಬ್ಬಿಂದ ಎಬ್ಬಿಸ್ರಪ್ಪಾ, ನೀರು ತಣ್ಣಗಾಯ್ತು."